ನಾವಿಬ್ರೇ ಮೊದಲ ಸಲ ವಂಡರ್‌ಲಾಗೆ: ಮಕ್ಕಳಿಲ್ಲದ ಜೋಡಿಗಳು ಪದೇ ಪದೇ ಕೇಳೋ ಪ್ರಶ್ನೆಗಳು

ಹೊಸದಾಗಿ ಮದುವೆ ಆದವರು, ಮದುವೆಯಾಗಿ ಹತ್ತು ವರ್ಷ ಆದ್ರೂ ಇಬ್ರೇ ಇರೋರು, ಮಕ್ಕಳು ಬೇಡ ಅಂತ ತೀರ್ಮಾನ ಮಾಡಿರೋರು, ಎಲ್ರೂ ಬಿಡದಿ ಹತ್ರದ ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾ ಬಗ್ಗೆ ನನ್ನ ಹತ್ರ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ. ಮದುವೆ ಮನೇಲಿ ಊಟಕ್ಕೆ ಕೂತಾಗ, ವಾಟ್ಸಾಪಲ್ಲಿ, ಆಫೀಸ್ ಕ್ಯಾಂಟೀನಲ್ಲಿ ಕೇಳಿದ್ದನ್ನೆಲ್ಲ ಅವರವರ ಮಾತಲ್ಲೇ ಒಂದು ಕಡೆ ಸೇರಿಸಿದೀನಿ. ಮೊದಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಸ್ವಲ್ಪ ಕಷ್ಟದ್ದು.

## ಹೊರಡೋ ಮುಂಚೆ

ಮಕ್ಕಳಿಲ್ದೆ ನಾವಿಬ್ರೇ ಹೋದ್ರೆ ಜನ ಏನ್ ಅನ್ಕೋತಾರೆ?

ಏನೂ ಅನ್ಕೊಳ್ಳಲ್ಲ. ಒಳಗೆ ಹೋಗಿ ನೋಡಿದ್ರೆ ಕಾಲೇಜು ಹುಡುಗ್ರು, ಕಂಪನಿ ಟೀಮ್‌ಗಳು, ಜೋಡಿಗಳೇ ಎಷ್ಟೋ ಇರ್ತಾರೆ. ನಿಜ ಹೇಳ್ಬೇಕು ಅಂದ್ರೆ ದೊಡ್ಡ ರೈಡುಗಳು ಇರೋದೇ ದೊಡ್ಡವರಿಗೆ, ಅವಕ್ಕೆಲ್ಲ ಎತ್ತರದ ಮಿತಿ ಇರತ್ತೆ, ಸಣ್ಣ ಮಕ್ಕಳನ್ನ ಹತ್ತಿಸಲ್ಲ, ಹಾಗಾಗಿ ಮಗು ಜೊತೆ ಬಂದ ಅಪ್ಪ ಅಮ್ಮ ಒಬ್ರು ಹತ್ತಿದ್ರೆ ಇನ್ನೊಬ್ರು ಬ್ಯಾಗು ಮಗು ಹಿಡ್ಕೊಂಡು ಕೆಳಗೆ ನಿಂತಿರ್ತಾರೆ. ನೀವಿಬ್ರೂ ಒಟ್ಟಿಗೆ ಹತ್ಬೋದು. ಶಾಲೆ ರಜೆ ನೋಡ್ಕೊಂಡು ದಿನ ಹುಡುಕೋ ಕೆಲಸನೂ ಇಲ್ಲ. "ಮಕ್ಕಳಾದ ಮೇಲೆ ಹೋದ್ರಾಯ್ತು ಬಿಡ್ರಿ" ಅಂತ ಮನೇಲಿ ದೊಡ್ಡವರು ಅಂದ್ರೆ ನಕ್ಕು ಸುಮ್ನಾಗಿ, ಟಿಕೆಟ್ ಬುಕ್ ಮಾಡಿ.

ವಂಡರ್‌ಲಾನೇ ಯಾಕೆ? ಮೈಸೂರಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆಯಲ್ವಾ?

ಮೈಸೂರು ಕಡೆಯವರಾಗಿದ್ರೆ, ಅರ್ಧ ದಿನ ನೀರಲ್ಲಿ ಆಡಿ ವಾಪಸ್ ಬರ್ತೀವಿ ಅನ್ನೋರಾಗಿದ್ರೆ ಜಿಆರ್‌ಎಸ್ ಸಾಕು, ಚಿಕ್ಕದು, ಕಾಲು ಅಷ್ಟು ನೋಯಲ್ಲ. ಆದ್ರೆ ತಲೆಕೆಳಗೆ ಮಾಡೋ ದೊಡ್ಡ ರೋಲರ್ ಕೋಸ್ಟರು, ನೀರಿನ ರೈಡು, ಒಣ ರೈಡು ಎಲ್ಲ ಒಂದೇ ಟಿಕೆಟಲ್ಲಿ ಬೇಕು ಅಂದ್ರೆ ಬಿಡದಿ ಹತ್ರದ ವಂಡರ್‌ಲಾ. 2000ದಲ್ಲಿ ಕೊಚ್ಚಿಲಿ ವೀಗಾಲ್ಯಾಂಡ್ ಅಂತ ಶುರು ಮಾಡಿದ ಕಂಪನಿನೇ 2005ರಲ್ಲಿ ಇದನ್ನ ಕಟ್ಟಿದ್ದು. ಅರವತ್ತರ ಹತ್ರ ರೈಡುಗಳಿವೆ. ಎಲ್ಲಾನೂ ಒಂದೇ ದಿನಕ್ಕೆ ಮುಗಿಸ್ತೀನಿ ಅಂತ ಮಾತ್ರ ಹೊರಡ್ಬೇಡಿ, ಅದು ಆಗೋ ಕೆಲಸ ಅಲ್ಲ, ಆಗ್ಬೇಕಾಗೂ ಇಲ್ಲ.

ಯಾವ ತಿಂಗಳು, ಯಾವ ವಾರ ಹೋದ್ರೆ ರಶ್ ಕಮ್ಮಿ?

ಇದೊಂದು ಸರಿ ಮಾಡ್ಕೊಂಡ್ರೆ ಅರ್ಧ ಪ್ಲಾನ್ ಮುಗೀತು. ಶನಿವಾರ ಭಾನುವಾರ ಬೇಡ, ಏಪ್ರಿಲ್ ಮೇ ಬೇಸಿಗೆ ರಜೆ ಬೇಡ, ದಸರಾ ರಜೆ ಬೇಡ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಅಂತೂ ಬೇಡವೇ ಬೇಡ. ಇದು ಎಲ್ರಿಗೂ ಗೊತ್ತು. ಜನಕ್ಕೆ ತಿಳೀದೇ ಇರೋದು ಏನಂದ್ರೆ ನವೆಂಬರ್‌ನಿಂದ ಜನವರಿವರೆಗೆ ವಾರದ ದಿನಾನೂ ನಂಬೋ ಹಾಗಿಲ್ಲ. ಅದು ಸ್ಕೂಲ್ ಟ್ರಿಪ್ ಸೀಸನ್, ಹಾಸನ ಚಿತ್ರದುರ್ಗ ಬಳ್ಳಾರಿ ಅಂತ ಎಲ್ಲೆಲ್ಲಿಂದಲೋ ಬಸ್ಸುಗಳು ಬೆಳಗ್ಗೆನೇ ಬಂದು ನಿಂತಿರತ್ತೆ, ಬುಧವಾರ ಖಾಲಿ ಇರತ್ತೆ ಅಂತ ಹೋದೋರು ಕ್ಯೂ ನೋಡಿ ಕಂಗಾಲಾಗ್ತಾರೆ.

ನನ್ನ ಕೇಳಿದ್ರೆ ಎರಡು ಸಮಯ. ಒಂದು ಫೆಬ್ರವರಿ ಕೊನೆ ಮತ್ತು ಮಾರ್ಚ್, ಮಕ್ಕಳೆಲ್ಲ ಪರೀಕ್ಷೆಗೆ ಓದ್ತಾ ಕೂತಿರ್ತಾರೆ, ಬಿಸಿಲೂ ಇರತ್ತೆ, ನೀರು ಹಿತವಾಗಿರತ್ತೆ. ಇನ್ನೊಂದು ಜೂನ್ ಎರಡನೇ ವಾರದಿಂದ ಜುಲೈ, ಶಾಲೆ ಶುರುವಾಗಿರತ್ತೆ, ಮೋಡ ಇರೋದ್ರಿಂದ ಮೈ ಸುಡಲ್ಲ, ಆದ್ರೆ ನೀರಿಂದ ಹೊರಗೆ ಬಂದಾಗ ಗಾಳಿಗೆ ನಡುಗ್ತೀರ. ಮಂಗಳವಾರ, ಬುಧವಾರ, ಗುರುವಾರದಲ್ಲಿ ಒಂದು ದಿನ ಇಬ್ರೂ ರಜೆ ಹಾಕಿ. ಆ ಒಂದು ರಜೆ, ಜಾಸ್ತಿ ದುಡ್ಡು ಕೊಟ್ಟು ಕ್ಯೂ ಕಮ್ಮಿ ಮಾಡ್ಕೊಳೋ ಯಾವ ಫಾಸ್ಟ್ ಟ್ರ್ಯಾಕ್ ಟಿಕೆಟ್‌ಗಿಂತಲೂ ಬೆಲೆ ಬಾಳತ್ತೆ.

ಟಿಕೆಟ್ ಗೇಟಲ್ಲಿ ತಗೊಳ್ಳೋದಾ ಆನ್‌ಲೈನಾ?

ಆನ್‌ಲೈನಲ್ಲೇ, ಅವರ ಸ್ವಂತ ಸೈಟಲ್ಲೇ. ರೇಟು ದಿನದ ಮೇಲೆ ಬದಲಾಗತ್ತೆ, ವಾರದ ದಿನಕ್ಕೆ ಕಮ್ಮಿ, ವಾರಾಂತ್ಯ ರಜೆ ದಿನಕ್ಕೆ ಜಾಸ್ತಿ, ಹಾಗಾಗಿ ನಾಲ್ಕೈದು ತಾರೀಕು ಹಾಕಿ ನೋಡಿ ಆಮೇಲೆ ರಜೆ ಅಪ್ಲೈ ಮಾಡಿ. ನಿಮ್ಮಲ್ಲಿ ಯಾರಾದ್ರೂ ಇನ್ನೂ ಓದ್ತಿದ್ರೆ ಕಾಲೇಜ್ ಐಡಿ ರಿಯಾಯಿತಿ ಇದ್ಯಾ ಅಂತ ಅದೇ ಪೇಜಲ್ಲಿ ನೋಡ್ಕೊಳಿ, ಒರಿಜಿನಲ್ ಐಡಿ ಜೊತೆಗಿರ್ಲಿ. ಬಜೆಟ್ ಹಾಕೋವಾಗ ಟಿಕೆಟ್ ದುಡ್ಡಷ್ಟೇ ಲೆಕ್ಕ ಹಾಕ್ಬೇಡಿ. ಊಟ, ಲಾಕರು, ಪಾರ್ಕಿಂಗು, ಸರಿಯಾದ ಬಟ್ಟೆ ತರದೇ ಇದ್ರೆ ಅಲ್ಲೇ ಕೊಳ್ಳೋ ಬಟ್ಟೆ, ಇವೆಲ್ಲ ಸೇರಿದ್ರೆ ಚೆನ್ನಾಗೇ ಏರತ್ತೆ.

ಬೈಕಲ್ಲಿ ಹೋಗ್ಬೋದಾ? ಮೆಟ್ರೋ ಇದ್ಯಾ?

ಬೈಕಲ್ಲಿ ಹೋಗ್ಬೋದು, ಆದ್ರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ ಟೂ ವೀಲರ್, ಆಟೋ, ಟ್ರ್ಯಾಕ್ಟರ್ ಬಿಡಲ್ಲ, 2023ರ ಆಗಸ್ಟ್ 1ರಿಂದ ನಿಷೇಧ ಇದೆ. ಸರ್ವಿಸ್ ರೋಡಲ್ಲೇ ಹೋಗ್ಬೇಕು, ಮ್ಯಾಪು ಕಾರಿನ ದಾರಿ ತೋರಿಸ್ತಿದ್ರೆ ಟೂ ವೀಲರ್ ಮೋಡ್‌ಗೆ ಹಾಕ್ಕೊಳಿ. ಇನ್ನೊಂದು ಯೋಚನೆ ಮಾಡಿ, ಇಡೀ ದಿನ ನೀರಲ್ಲಿ ಆಡಿ, ಮೈ ಕೈ ನೋವಲ್ಲಿ, ಸಂಜೆ ಕೆಂಗೇರಿ ಟ್ರಾಫಿಕಲ್ಲಿ ಬೈಕ್ ಓಡಿಸ್ಬೇಕು. ನಾನಾದ್ರೆ ಬೇಡ ಅಂತೀನಿ.

ಮೆಟ್ರೋ ಅಲ್ಲಿವರೆಗೆ ಇಲ್ಲ, ನೇರಳೆ ಮಾರ್ಗದ ಕೊನೇ ನಿಲ್ದಾಣ ಚಲ್ಲಘಟ್ಟ. ಅಲ್ಲಿವರೆಗೆ ಮೆಟ್ರೋಲಿ ಹೋಗಿ ಮುಂದಕ್ಕೆ ಆಟೋ ಅಥವಾ ಕ್ಯಾಬ್, ಇಲ್ಲಾಂದ್ರೆ ಕೆಂಗೇರಿಲಿ ಇಳಿದು ಬಿಡದಿ ಕಡೆ ಹೋಗೋ ಬಿಎಂಟಿಸಿ ಬಸ್ಸು. ಪಾರ್ಕು ಮೈಸೂರು ರೋಡಿಂದ ಒಳಗಡೆ ಇದೆ, ಬಸ್ಸಿಳಿದ ಮೇಲೂ ಆಟೋ ಬೇಕಾಗತ್ತೆ. ವಾಪಸ್ ಬರೋವಾಗ ಎಲ್ರೂ ಒಟ್ಟಿಗೆ ಹೊರಗೆ ಬರ್ತಾರೆ, ಕ್ಯಾಬ್ ಸಿಗೋದು ಕಷ್ಟ, ಪಾರ್ಕ್ ಮುಚ್ಚೋ ಅರ್ಧ ಗಂಟೆ ಮುಂಚೆನೇ ಹೊರಡಿ.

## ಬಟ್ಟೆ, ಬ್ಯಾಗು, ಊಟ

ಹೆಂಡ್ತಿ ಸ್ವಿಮ್ ಸೂಟ್ ಹಾಕಲ್ಲ ಅಂತಾಳೆ, ಚೂಡಿದಾರಲ್ಲಿ ನೀರಿಗೆ ಬಿಡ್ತಾರಾ?

ಚೂಡಿದಾರ್, ಸೀರೆ, ಜೀನ್ಸ್, ಕಾಟನ್ ಟೀಶರ್ಟ್ ಬಿಡಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆನೇ ಆಗ್ಬೇಕು. ಸುಮ್ನೆ ಮಾಡಿರೋ ರೂಲ್ ಅಲ್ಲ ಇದು, ಕಾಟನ್ ನೀರು ಕುಡಿದು ಭಾರ ಆಗತ್ತೆ, ಅದರ ನೂಲು ಬಿಟ್ಕೊಂಡು ನೀರಿನ ಫಿಲ್ಟರ್‌ಗೆ ಸೇರತ್ತೆ, ಜೀನ್ಸಿನ ಗುಂಡಿ ಜಿಪ್ಪು ಸ್ಲೈಡನ್ನ ಗೀಚತ್ತೆ. ದುಪ್ಪಟ್ಟ ಅಂತೂ ಯಾವ ರೈಡಿಗೂ ಅಪಾಯನೇ. ಆದ್ರೆ ಮೈ ಕಾಣೋ ಬಟ್ಟೆನೇ ಹಾಕ್ಬೇಕು ಅಂತ ಯಾರೂ ಹೇಳಲ್ಲ. ಪೂರ್ತಿ ತೋಳಿನ ಪಾಲಿಯೆಸ್ಟರ್ ಟೀಶರ್ಟು, ಕಾಲಿನ ಗಿಣ್ಣಿನವರೆಗೂ ಬರೋ ನೈಲಾನ್ ಲೆಗ್ಗಿಂಗ್ಸು, ಇಷ್ಟು ಸಾಕು, ಬಿಸಿಲಿಗೂ ಒಳ್ಳೇದು. ಕಡು ಬಣ್ಣದ್ದೇ ತಗೊಳಿ, ತಿಳಿ ಬಣ್ಣ ನೆನೆದ್ರೆ ಒಳಗಿಂದು ಕಾಣತ್ತೆ. ಮನೆ ಹತ್ರದ ಸ್ಪೋರ್ಟ್ಸ್ ಅಂಗಡೀಲಿ ಮೊದಲೇ ತಗೊಂಡು ಮನೇಲಿ ಒಂದ್ಸಲ ಹಾಕ್ಕೊಂಡು ನೋಡ್ಲಿ, ಮುಜುಗರ ಅರ್ಧ ಅಲ್ಲೇ ಕಳೆಯತ್ತೆ. ಗಂಡಸರೂ ಅಷ್ಟೇ, ಬನಿಯನ್ನು ಚಡ್ಡಿಲಿ ಇಳೀತೀನಿ ಅಂದ್ರೆ ಆಗಲ್ಲ.

ತಾಳಿ ತೆಗೀಬೇಕಾ?

ಉದ್ದದ ಕರಿಮಣಿ ಸರ ಕತ್ತಲ್ಲಿ ನೇತಾಡ್ತಾ ಇದ್ರೆ ಸ್ಲೈಡಲ್ಲಿ, ಜೋರಾಗಿ ತಿರುಗೋ ರೈಡಲ್ಲಿ ಸಿಕ್ಕಿಹಾಕ್ಕೊಳೋ ಭಯ ಇರತ್ತೆ, ಅಲೆ ಕೊಳದಲ್ಲಿ (ವೇವ್ ಪೂಲಲ್ಲಿ) ಕಳಚಿ ಬಿದ್ರೆ ಹುಡುಕೋದು ಎಲ್ಲಿ? ಪೂರ್ತಿ ತೆಗೆಯೋಕೆ ಮನಸ್ಸು ಒಪ್ಪದೇ ಇದ್ರೆ ನಮ್ಮಲ್ಲಿ ಹಳೇ ದಾರಿ ಇದ್ದೇ ಇದೆ, ಸರ ರಿಪೇರಿಗೆ ಕೊಟ್ಟಾಗ ಮಾಡ್ತಾರಲ್ಲ, ಅರಿಶಿನ ದಾರಕ್ಕೆ ಅರಿಶಿನ ಕೊಂಬು ಕಟ್ಕೊಳೋದು, ಅದನ್ನೇ ಕತ್ತಿಗೆ ಹತ್ತಿರವಾಗಿ ಗಿಡ್ಡಕ್ಕೆ ಕಟ್ಟಿ ಟೀಶರ್ಟ್ ಒಳಗೆ ಹಾಕ್ಕೊಳಿ. ಚಿನ್ನ ಎಲ್ಲ ಮನೇಲೇ ಇರ್ಲಿ. ಲಾಕರಲ್ಲಿಟ್ರೂ ದಿನ ಪೂರ್ತಿ ಮನಸ್ಸು ಅಲ್ಲೇ ಇರತ್ತೆ. ಉಂಗುರನೂ ಬಿಚ್ಚಿಡಿ, ತಣ್ಣೀರಲ್ಲಿ ಬೆರಳು ಸಣ್ಣ ಆಗಿ ತಾನೇ ಜಾರಿ ಹೋಗತ್ತೆ.

ಕನ್ನಡಕ, ಲೆನ್ಸ್, ಮೊಬೈಲ್ ಏನ್ ಮಾಡೋದು?

ಕನ್ನಡಕಕ್ಕೆ ತಲೆ ಹಿಂದೆ ಕಟ್ಟೋ ಸ್ಟ್ರಾಪ್ ತಗೊಳಿ, ಆದ್ರೂ ದೊಡ್ಡ ರೈಡಲ್ಲಿ ಬಿಚ್ಚಿಡಿ ಅಂದ್ರೆ ಬಿಚ್ಚಿಡ್ಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡು ನೀರಿಗೆ ಇಳೀಬೇಡಿ, ಕಣ್ಣಿಗೆ ಕೆಟ್ಟ ಸೋಂಕು ಆಗ್ಬೋದು. ಮೊಬೈಲು ಲಾಕರಲ್ಲಿ. ಫೋಟೋ ಬೇಕು ಅಂದ್ರೆ ಬೆಳಗ್ಗೆ ಬಂದ ತಕ್ಷಣ ತಲೆ ಬಾಚಿರೋವಾಗ್ಲೇ ತೆಗೆದು ಮುಗಿಸಿ. ಮೊಬೈಲ್ ಇಲ್ದೇ ಇದ್ದಾಗ ಒಬ್ರಿಗೊಬ್ರು ತಪ್ಪಿಸ್ಕೊಂಡ್ರೆ ಎಲ್ಲಿ ಸೇರೋದು ಅಂತ ಒಂದು ಜಾಗ ಮೊದಲೇ ಮಾತಾಡ್ಕೊಂಡಿರಿ, ಲಾಕರ್ ರೂಮ್ ಬಾಗಿಲು ಅಂತಾದ್ರೂ.

ಮನೆಯಿಂದ ಪುಳಿಯೋಗರೆ ಕಟ್ಕೊಂಡು ಹೋಗ್ಬೋದಾ?

ಹೊರಗಿನ ಊಟ ಒಳಗೆ ಬಿಡಲ್ಲ. ಹಾಗಾಗಿ ಬೆಳಗ್ಗೆ ಹೋಗೋ ದಾರೀಲೇ ತಿಂಡಿ ಮುಗಿಸಿ, ಬಿಡದಿ ತಟ್ಟೆ ಇಡ್ಲಿ ಇರೋದು ಯಾಕೆ ಮತ್ತೆ? ಎರಡು ಇಡ್ಲಿಗೆ ನಿಲ್ಲಿಸಿ, ಬೆಣ್ಣೆ ವಡೆ ಅಂತ ಮುಂದುವರೀಬೇಡಿ, ಹೊಟ್ಟೆ ಭಾರ ಆದ್ರೆ ಮೊದಲ ರೈಡಲ್ಲೇ ಗೊತ್ತಾಗತ್ತೆ. ಒಳಗೆ ರೆಸ್ಟೋರೆಂಟ್‌ಗಳಿವೆ, ಒಂದೂವರೆ ಹೊತ್ತಿಗೆ ತುಂಬಾ ಜನ, ಹನ್ನೆರಡೂವರೆಗೇ ಅಥವಾ ಮೂರರ ಮೇಲೆ ತಿನ್ನಿ. ನೀರು ಮಾತ್ರ ಆಗಾಗ ಕುಡೀತಾ ಇರಿ, ನೀರಲ್ಲೇ ಇರೋದ್ರಿಂದ ಬಾಯಾರಿಕೆ ಗೊತ್ತಾಗಲ್ಲ.

## ಒಳಗೆ ಹೋದ ಮೇಲೆ

ಮೊದಲು ಯಾವ ರೈಡ್ ಹತ್ತೋದು? ನೀರಾ, ಒಣದಾ?

ಒಣದ್ದು ಮೊದಲು. ಗೇಟು ತೆಗೆಯೋ ಹೊತ್ತಿಗೆ ಸಾಮಾನ್ಯವಾಗಿ ಒಣ ರೈಡು ಶುರು ಆಗತ್ತೆ, ನೀರಿನ ರೈಡು ಆಮೇಲೆ ತೆಗೆದು ಸಂಜೆ ಬೇಗ ಮುಚ್ಚತ್ತೆ, ನೀವು ಹೋಗೋ ದಿನದ ಸಮಯ ಟಿಕೆಟ್ ತಗೊಳ್ಳೋವಾಗ್ಲೇ ನೋಡಿಟ್ಕೊಳಿ. ಗೇಟ್ ತೆಗೆಯೋ ಮುಂಚೆನೇ ಅಲ್ಲಿದ್ದು, ಒಳಗೆ ಬಿಟ್ಟ ತಕ್ಷಣ ನಿಮ್ಮ ಲಿಸ್ಟಲ್ಲಿರೋ ಅತಿ ದೊಡ್ಡ ರೈಡಿಗೆ ನಡೀರಿ. ರೀಕಾಯ್ಲ್ ಅನ್ನೋ ರೋಲರ್ ಕೋಸ್ಟರ್ ಹತ್ತೋ ಆಸೆ ಇದ್ರೆ ಅದೇ ಮೊದಲು, ಅದು ತಲೆಕೆಳಗೆ ಮಾಡ್ಕೊಂಡು ಮುಂದಕ್ಕೆ ಹೋಗಿ ಅದೇ ದಾರೀಲಿ ಹಿಂದಕ್ಕೂ ಬರತ್ತೆ, ಎಲ್ರಿಗೂ ಅದೇ ಬೇಕು, ಮಧ್ಯಾಹ್ನ ಆದ್ರೆ ಕ್ಯೂ ಬೆಳೆಯತ್ತೆ. ಬಿಸಿಲು ಏರಿದ ಮೇಲೆ ನೀರಿಗೆ ಇಳಿದ್ರೆ ಮತ್ತೆ ಬಟ್ಟೆ ಬದಲಾಯಿಸೋ ಗೋಜು ಒಂದೇ ಸಲ. ನೀರಲ್ಲಿ ರೈನ್ ಡಿಸ್ಕೋ ಕೊನೆಗಿಡಿ, ಅಲ್ಲಿ ಬೆಚ್ಚಗಿನ ನೀರಿನ ಮಳೆ, ಕತ್ತಲಲ್ಲಿ ಲೈಟು, ಹಾಡು, ಅರ್ಧ ಗಂಟೆ ಕುಣಿದ್ರೆ ನಡುಕನೂ ಹೋಗತ್ತೆ. ಆಮೇಲೆ ಒಣಗಿಸ್ಕೊಂಡು, ಬಟ್ಟೆ ಬದಲಾಯಿಸಿ, ಸಂಜೆ ಬಿಸಿಲು ಇಳಿಯೋ ಹೊತ್ತಿಗೆ ಸ್ಕೈ ವೀಲ್. ಟವರ್ ಮೇಲೆ ಕಟ್ಟಿರೋ ಚಕ್ರ ಅದು, ಲಿಫ್ಟಲ್ಲಿ ಮೇಲೆ ಹೋಗಿ ಕೂರೋದು, ಬಿಡದಿ ಕಡೆ ಗುಡ್ಡ, ಹೊಲ ಎಲ್ಲ ಕಾಣತ್ತೆ. ಜೋಡಿಯಾಗಿ ಹೋದೋರು ಬಿಡಬಾರದ ರೈಡ್ ಒಂದಿದ್ರೆ ಅದು.

ನೀರಿನ ಕಡೆ ಬರಿಗಾಲಲ್ಲಿ ಓಡಾಡಿದ್ರೆ ಮಾರ್ಚಲ್ಲಿ ನೆಲ ಕಾದಿರತ್ತೆ, ಹವಾಯಿ ಚಪ್ಪಲಿ ಇರ್ಲಿ.

ನಮ್ಮೆಜಮಾನ್ರಿಗೆ ಈ ತರದ್ದೆಲ್ಲ ಪ್ರಾಣ, ನನಗೆ ಉಯ್ಯಾಲೆ ಕಂಡ್ರೂ ಭಯ. ಹೋಗೋದಾ ಬೇಡ್ವಾ?

ಹೋಗಿ. ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡೋದು ಈ ಪ್ರಶ್ನೆ ಮೇಲೇನೇ, ಯಾಕಂದ್ರೆ ಮಕ್ಕಳಿಲ್ಲದೆ ಇಬ್ರೇ ಹೋದಾಗ ದಿನ ಚೆನ್ನಾಗಿರೋದು ಕೆಡೋದು ಎರಡೂ ಇದ್ರಿಂದಾನೇ. ಇಬ್ರ ಧೈರ್ಯನೂ ಒಂದೇ ಅಳತೇಲಿ ಇರೋ ಜೋಡಿ ನಾನು ನೋಡಿರೋದು ಕಮ್ಮಿ.

ಹಿಂದಿನ ರಾತ್ರಿ ಮನೇಲಿ ಕೂತು ರೈಡುಗಳ ವಿಡಿಯೋ ನೋಡಿ, ಮೂರು ಪಟ್ಟಿ ಮಾಡಿ, ಇಬ್ರೂ ಹತ್ತೋದು, ಒಬ್ರೇ ಹತ್ತೋದು, ಯಾರೂ ಹತ್ತದೇ ಇರೋದು. ಒಬ್ರೇ ಹತ್ತೋ ಪಟ್ಟೀನ ಬೆಳಗ್ಗೆ ಕ್ಯೂ ಇಲ್ದಾಗಲೇ ಮುಗಿಸಿ, ಕೆಳಗೆ ಕಾಯೋರು ಹೆಚ್ಚು ಹೊತ್ತು ಕಾಯ್ಬಾರದು. ಕ್ಯೂ ಅರ್ಧ ಬಂದ ಮೇಲೆ ಭಯ ಆದ್ರೆ ವಾಪಸ್ ಬರೋಕೆ ಯಾರ ಅಪ್ಪಣೆನೂ ಬೇಡ, ಸೀಟಲ್ಲಿ ಕೂತು ಬೆಲ್ಟ್ ಹಾಕೋ ತನಕನೂ ಆಪರೇಟರ್‌ಗೆ ಹೇಳಿ ಎದ್ದು ಬರ್ಬೋದು. ಹೀಗೆ ಎದ್ದು ಬಂದೋರನ್ನ ಗಂಡ ಆಗ್ಲಿ ಹೆಂಡ್ತಿ ಆಗ್ಲಿ ಆಡ್ಕೊಳೋದು, ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕೋದು, ಇದನ್ನ ದಯವಿಟ್ಟು ಮಾಡ್ಬೇಡಿ. ಕೈ ಹಿಡಿದು ಎಳ್ಕೊಂಡು ಹೋಗಿ ಕೂರಿಸೋದು ಪ್ರೀತಿ ಅಲ್ಲ.

ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡ್ಕೋಬೇಕು ಅಂದ್ರೆ ಜಾಗ ಆರಿಸ್ಕೊಳೋದ್ರಲ್ಲಿ ಇದೆ ಉಪಾಯ. ದೊಡ್ಡ ದೋಣಿ ಹಾಗೆ ಅತ್ತಿತ್ತ ತೂಗೋ ರೈಡಲ್ಲಿ ಎರಡು ತುದಿ ಅತಿ ಎತ್ತರಕ್ಕೆ ಹೋಗತ್ತೆ, ನಡುವಿನ ಸಾಲು ಕಮ್ಮಿ ತೂಗತ್ತೆ, ಭಯ ಇರೋರು ನಡುವೆ, ಧೈರ್ಯ ಇರೋರು ಇವತ್ತೊಂದಿನ ಅವರ ಪಕ್ಕ. ಕೋಸ್ಟರಲ್ಲಿ ಮುಂದಿನ ಸೀಟಲ್ಲಿ ಎಲ್ಲ ಕಾಣತ್ತೆ, ಹಿಂದಿನ ಸೀಟು ಇಳಿಜಾರಲ್ಲಿ ಜೋರಾಗಿ ಎಳೆಯತ್ತೆ, ಮಧ್ಯ ಸ್ವಲ್ಪ ಮೆತ್ತಗೆ. ತಲೆ ಸೀಟಿಗೆ ಒತ್ತಿ ಇಡಿ, ಕಣ್ಣು ಬಿಟ್ಟು ಮುಂದೆ ನೋಡಿ, ಕೂಗಬೇಕು ಅನ್ಸಿದ್ರೆ ಕೂಗಿ, ಕೂಗಿದಾಗ ಬಿಗಿಹಿಡಿದ ಉಸಿರು ಹೊರಗೆ ಬರತ್ತೆ.

ಧೈರ್ಯ ಇರೋರಿಗೆ ಒಂದು ಮಾತು. ಅವರು ಹತ್ತಲ್ಲ ಅಂದ ರೈಡನ್ನ ನೀವು ಹತ್ತಿ ಬನ್ನಿ, ತಪ್ಪಿಲ್ಲ, ಆದ್ರೆ ಎರಡು ಸಲ ಮೂರು ಸಲ ಅಂತ ಅಲ್ಲೇ ಇದ್ದುಬಿಡ್ಬೇಡಿ.

ತಿರುಗೋ ರೈಡ್ ಹತ್ತಿದ್ರೆ ವಾಂತಿ ಬರತ್ತೆ, ಮಾತ್ರೆ ತಗೊಂಡು ಹೋಗ್ಲಾ?

ಒಳಕಿವಿ ಮೈ ತಿರುಗ್ತಿದೆ ಅಂತ ಹೇಳತ್ತೆ, ಕಣ್ಣು ಬೇರೆ ಏನೋ ಹೇಳತ್ತೆ, ಈ ಎರಡು ಹೊಂದದೇ ಇದ್ದಾಗ ಹೊಟ್ಟೆ ತೊಳಸೋದು. ಘಾಟ್ ರೋಡಲ್ಲಿ ವಾಂತಿ ಮಾಡೋರಿಗೆ ಇಲ್ಲೂ ಆಗೋ ಸಾಧ್ಯತೆ ಜಾಸ್ತಿ. ಬಸ್ಸಿಗೆ ತಗೊಳೋ ಅವೋಮಿನ್ ತರದ ಮಾತ್ರೆ ಕೆಲಸ ಮಾಡತ್ತೆ, ಡಾಕ್ಟರ್ ಕೇಳಿ ರೈಡಿಗೆ ಒಂದೆರಡು ಗಂಟೆ ಮುಂಚೆ ತಗೋಬೇಕು, ವಾಂತಿ ಶುರುವಾದ ಮೇಲೆ ತಗೊಂಡು ಪ್ರಯೋಜನ ಇಲ್ಲ. ಅದು ನಿದ್ದೆ ಬರ್ಸತ್ತೆ, ಹಾಗಾಗಿ ವಾಪಸ್ ಗಾಡಿ ಓಡಿಸೋರು ತಗೋಬಾರದು. ಎರಡು ತಿರುಗೋ ರೈಡ್ ಬೆನ್ನಿಗೆ ಬೆನ್ನಿಗೆ ಹತ್ತಬೇಡಿ, ನಡುವೆ ಅರ್ಧ ಗಂಟೆ ನಡೀರಿ. ಮಿಷನ್ ಇಂಟರ್‌ಸ್ಟೆಲ್ಲರ್ ತರದ ಪರದೆ ಶೋದಲ್ಲಿ ತಲೆ ಸುತ್ತಿದ್ರೆ ಕಣ್ಣು ಮುಚ್ಚಿ, ಕಡಿಮೆ ಆಗತ್ತೆ.

ಇಬ್ರಿಗೂ ಈಜು ಬರಲ್ಲ. ನೀರಿನ ರೈಡ್ ವೇಸ್ಟಾ?

ಇಲ್ಲ, ಈಜು ಬರದೇ ಇರೋರೇ ಅಲ್ಲಿ ಜಾಸ್ತಿ. ಲೇಜಿ ರಿವರಲ್ಲಿ ಟ್ಯೂಬ್ ಮೇಲೆ ಕೂತು ತೇಲ್ಕೊಂಡು ಹೋಗೋದಕ್ಕೆ ಏನೂ ಬರ್ಬೇಕಾಗಿಲ್ಲ. ಅಲೆ ಕೊಳದಲ್ಲಿ ಎಚ್ಚರ ಬೇಕು, ಸಮುದ್ರದ ದಡದ ಹಾಗೆ ಹೋಗ್ತಾ ಹೋಗ್ತಾ ಆಳ ಆಗತ್ತೆ, ಅಲೆ ನಿಂತು ನಿಂತು ಬರತ್ತೆ, ಸೊಂಟದ ಮಟ್ಟಕ್ಕೇ ನಿಲ್ಲಿ, ಅಲೆಗೆ ಬೆನ್ನು ಕೊಡ್ಬೇಡಿ. ಟ್ಯೂಬ್ ಇಲ್ದೇ ಜಾರೋ ಸ್ಲೈಡಲ್ಲಿ ಕೈ ಎದೆ ಮೇಲೆ ಕಟ್ಟಿ, ಪಾದ ಒಂದರ ಮೇಲೊಂದು ಇಟ್ಟು ಮಲಗಬೇಕು, ಮಧ್ಯೆ ಎದ್ದು ಕೂರೋಕೆ ಹೋದ್ರೆ ಮೊಣಕೈ ತರಚತ್ತೆ. ಕೆಳಗೆ ಬಂದ ತಕ್ಷಣ ಪಕ್ಕಕ್ಕೆ ಸರೀರಿ, ಹಿಂದಿನವರು ಬರ್ತಿರ್ತಾರೆ.

ಫಾಸ್ಟ್ ಟ್ರ್ಯಾಕ್ ತಗೊಳ್ಳೋದು ಒಳ್ಳೇದಾ?

ವಾರದ ದಿನ, ರಶ್ ಇಲ್ಲದ ತಿಂಗಳು ಅಂದ್ರೆ ಬೇಡ. ಬೇರೆ ದಾರಿನೇ ಇಲ್ಲ, ಭಾನುವಾರವೇ ಹೋಗ್ಬೇಕು ಅಂದ್ರೆ ತಗೊಳಿ, ಆದ್ರೆ ಯಾವ್ಯಾವ ರೈಡಿಗೆ ಅನ್ವಯಿಸತ್ತೆ ಅಂತ ನೋಡಿ ನಿಮ್ಮ ಪಟ್ಟಿ ಜೊತೆ ಹೋಲಿಸಿ. ಇಬ್ರಲ್ಲಿ ಒಬ್ರಿಗೆ ದೊಡ್ಡ ರೈಡ್ ಬೇಡ ಅಂದ್ರೆ ಆ ದುಡ್ಡು ದಂಡ.

## ಇನ್ನೂ ಸ್ವಲ್ಪ ಯೋಚನೆ ಬೇಕಾಗಿರೋದು

ಬುಕ್ ಮಾಡಿದ ದಿನಾನೇ ಪೀರಿಯಡ್ಸ್ ಆದ್ರೆ?

ಕಪ್ ಅಥವಾ ಟ್ಯಾಂಪೂನ್ ಅಭ್ಯಾಸ ಇದ್ರೆ ನೀರಿಗೂ ಇಳೀಬೋದು. ಪ್ಯಾಡ್ ಮಾತ್ರ ಅಂದ್ರೆ ನೀರು ಬೇಡ, ಒಣ ರೈಡು, ಶೋಗಳು, ಸ್ಕೈ ವೀಲ್ ಇದ್ರಲ್ಲೇ ದಿನ ಕಳೀಬೋದು. ಅವತ್ತೇ ಮೊದಲ ಸಲ ಕಪ್ ಹಾಕ್ಕೊಂಡು ಪ್ರಯೋಗ ಮಾಡ್ಬೇಡಿ. ಬುಕ್ ಮಾಡೋವಾಗ್ಲೇ ಇಬ್ರೂ ಕೂತು ತಾರೀಕು ಲೆಕ್ಕ ಹಾಕಿ, ಇದನ್ನ ಹೆಂಡ್ತಿ ಒಬ್ಳೇ ತಲೇಲಿ ಇಟ್ಕೋಬೇಕಾಗಿಲ್ಲ.

ಮಗುಗೆ ಟ್ರೈ ಮಾಡ್ತಿದೀವಿ. ಡೇಟ್ ಇನ್ನೂ ಆಗಿಲ್ಲ. ಹೋಗ್ಬೋದಾ?

ಮೊದಲು ಟೆಸ್ಟ್ ಮಾಡ್ಕೊಳಿ. ಗರ್ಭಿಣಿಯರು ದೊಡ್ಡ ರೈಡುಗಳನ್ನ ಹತ್ತಬಾರದು, ರೈಡಿನ ಬೋರ್ಡಲ್ಲೇ ಬರೆದಿರತ್ತೆ. ಪಾಸಿಟಿವ್ ಅಥವಾ ಅನುಮಾನ ಇದೆ ಅಂದ್ರೆ ಜರ್ಕ್ ಆಗೋದು, ಕೆಳಗೆ ಬೀಳಿಸೋದು, ಜೋರಾಗಿ ಜಾರೋದು ಎಲ್ಲ ಬಿಡಿ. ಟಿಕೆಟ್ ಹೋದ್ರೆ ಹೋಗ್ಲಿ. ಐವಿಎಫ್, ಐಯುಐ ಚಿಕಿತ್ಸೆ ನಡೀತಿದ್ರೆ ಯಾವ ದಿನ ಯಾವುದು ಮಾಡ್ಬೋದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಕೇಳೋಕೆ ಸಂಕೋಚ ಬೇಡ, ಎಷ್ಟೋ ತಿಂಗಳು ಆಸ್ಪತ್ರೆ ಓಡಾಡಿದ ಜೋಡಿಗೆ ಒಂದು ದಿನ ನಗೋ ಆಸೆ ಇರೋದು ಸಹಜ.

ನಮಗೆ ನಲವತ್ತೈದು ದಾಟಿದೆ, ಬಿಪಿ ಇದೆ, ಬೆನ್ನು ನೋವೂ ಇದೆ.

ವಯಸ್ಸು ಅಡ್ಡಿ ಅಲ್ಲ, ಬೆನ್ನು ಕತ್ತು ಹೃದಯ ಅಡ್ಡಿ. ಡಿಸ್ಕ್ ತೊಂದರೆ, ಸ್ಪಾಂಡಿಲೈಟಿಸ್, ಹೃದಯದ ಕಾಯಿಲೆ, ಹತೋಟಿಲಿ ಇಲ್ಲದ ಬಿಪಿ, ಇತ್ತೀಚಿನ ಆಪರೇಷನ್ ಇದ್ರೆ ಕೋಸ್ಟರು, ಮೇಲಿಂದ ಬೀಳಿಸೋ ಟವರು ಬೇಡ. ಲೇಜಿ ರಿವರ್, ಅಲೆ ಕೊಳದ ಅಂಚು, ರೈನ್ ಡಿಸ್ಕೋ, ಸ್ಕೈ ವೀಲ್, ಶೋಗಳು, ಇಷ್ಟರಲ್ಲೇ ಹೊತ್ತು ಹೋಗೋದು ಗೊತ್ತಾಗಲ್ಲ. ಬೆಳಗ್ಗಿನ ಬಿಪಿ ಮಾತ್ರೆ ತಪ್ಪಿಸ್ಬೇಡಿ.

ಮಳೆ ಬಂದ್ರೆ ದುಡ್ಡು ವಾಪಸ್ ಕೊಡ್ತಾರಾ?

ಅದನ್ನ ನಂಬ್ಕೊಂಡು ಹೋಗ್ಬೇಡಿ, ಬುಕ್ ಮಾಡೋವಾಗ ನಿಯಮ ಓದಿ. ತುಂತುರು ಮಳೆಗೆ ಏನೂ ನಿಲ್ಲಲ್ಲ, ಗುಡುಗು ಮಿಂಚು ಬಂದ್ರೆ ಎತ್ತರದ್ದು, ನೀರಿಂದು ನಿಲ್ಲಿಸ್ತಾರೆ, ನಿಲ್ಲಿಸಲೇಬೇಕು. ಬೆಂಗಳೂರಿನ ಏಪ್ರಿಲ್ ಮೇ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರೋದು, ಹಾಗಾಗಿ ಆ ತಿಂಗಳಲ್ಲಿ ಮುಖ್ಯವಾದದ್ದನ್ನೆಲ್ಲ ಬೆಳಗ್ಗೆನೇ ಮುಗಿಸಿ.

ಅಲ್ಲೇ ರೆಸಾರ್ಟಲ್ಲಿ ಉಳ್ಕೊಳ್ಳೋದಾ, ವಾಪಸ್ ಬರೋದಾ?

ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯಿಂದ ಬರೋರು ಖಂಡಿತ ಉಳ್ಕೊಳಿ, ರಾತ್ರಿ ಬಸ್ಸಲ್ಲಿ ಬಂದು ನಿದ್ದೆ ಕೆಟ್ಟು ನೇರ ಪಾರ್ಕಿಗೆ ಹೋಗ್ಬೇಡಿ, ತಲೆ ಸುತ್ತೋಕೆ ಅದೊಂದು ಸಾಕು. ಪಾರ್ಕ್ ಪಕ್ಕದಲ್ಲೇ ಅವರದ್ದೇ ರೆಸಾರ್ಟ್ ಇದೆ, ರೂಮು ಪಾರ್ಕ್ ಟಿಕೆಟ್ ಸೇರಿಸಿ ಪ್ಯಾಕೇಜ್ ಇದ್ಯಾ ಅಂತ ನೋಡಿ. ಬೆಂಗಳೂರಿನವರಾದ್ರೆ ಅಗತ್ಯ ಇಲ್ಲ, ಆದ್ರೆ ಮಾರನೇ ದಿನಾನೂ ರಜೆ ಹಾಕೋದಾದ್ರೆ ರಾಮನಗರ ಹತ್ರಾನೇ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ನೆಮ್ಮದಿಯಾಗಿ ಸುತ್ತೋ ಜಾಗ. ರಾಮದೇವರ ಬೆಟ್ಟ ಹತ್ತೋ ಯೋಚನೆ ಮಾತ್ರ ಆ ದಿನ ಬೇಡ, ತೊಡೆ ಹಿಂಡಿ ಹಾಕಿರತ್ತೆ.

ಮುಂದಿನ ವರ್ಷ ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹೋಗೋ ಪ್ಲಾನ್ ಇದೆ. ಇಲ್ಲಿ ಕಲಿತಿದ್ದು ಅಲ್ಲಿ ಉಪಯೋಗಕ್ಕೆ ಬರತ್ತಾ?

ಬರತ್ತೆ. ಯಾರಿಗೆ ಏನು ಆಗಲ್ಲ ಅಂತ ಇಲ್ಲೇ ಗೊತ್ತಾಗಿದ್ರೆ ಅಲ್ಲಿ ದುಬಾರಿ ದಿನ ಹಾಳಾಗಲ್ಲ. ಅದು ಸೆಂಟೋಸಾ ದ್ವೀಪದಲ್ಲಿದೆ, ನೀರಿಗಿಂತ ಸಿನಿಮಾ ಥೀಮಿನ ರೈಡು, ಶೋಗಳೇ ಜಾಸ್ತಿ, ಹಾಗಾಗಿ ಬಟ್ಟೆ ಚಿಂತೆ ಕಮ್ಮಿ, ನಡಿಗೆ ಚಿಂತೆ ಜಾಸ್ತಿ, ಒಳ್ಳೇ ಶೂ ಬೇಕು. ಅಲ್ಲಿ ಕೆಲವು ರೈಡಿಗೆ ಒಬ್ಬೊಬ್ರೇ ಹೋಗೋರಿಗೆ ಬೇರೆ ಕ್ಯೂ ಇರತ್ತೆ, ಖಾಲಿ ಉಳಿದ ಒಂದೊಂದು ಸೀಟಿಗೆ ತುಂಬಿಸ್ತಾರೆ, ಬೇಗ ಆಗತ್ತೆ ಆದ್ರೆ ಇಬ್ರೂ ಬೇರೆ ಬೇರೆ ಕೂರ್ಬೇಕಾಗತ್ತೆ. ಮೊದಲ ಸಲ ಒಟ್ಟಿಗೆ ಮಾಮೂಲಿ ಕ್ಯೂಲಿ ಹೋಗಿ, ಎರಡನೇ ಸಲ ಹತ್ತೋ ಆಸೆ ಇದ್ರೆ ಆ ಕ್ಯೂ.